ಒಂದೂ ದೊಡ್ಡ ಹಿಟ್ ಇಲ್ಲದೆ ಮೂವತ್ತು ವರ್ಷ: ಗ್ಲಾಸ್ಗೋದ ತಂಡವೊಂದು ಬಾಳಿದ ಬಗೆ

ಪ್ರಶ್ನೆ: ನಾವು ಐದು ಜನ ಗೆಳೆಯರು ಮೈಸೂರಿನಲ್ಲಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಕನ್ನಡದಲ್ಲಿ ನಾವೇ ಬರೆದ ಹಾಡುಗಳು. ಗಿಟಾರು, ಕೀಬೋರ್ಡು, ಡ್ರಮ್ಸು, ಜೊತೆಗೊಂದು ಪಿಟೀಲು. ಮೊನ್ನೆ ಗೆಳೆಯನೊಬ್ಬ ‘ಬೆಲ್ ಅಂಡ್ ಸೆಬಾಸ್ಟಿಯನ್’ ಎಂಬ ಸ್ಕಾಟ್ಲೆಂಡಿನ ಇಂಡಿ ಪಾಪ್ ತಂಡವನ್ನು ಕೇಳಿಸಿದ. ಅವರ ಮೊದಲ ಆಲ್ಬಂ ಕಾಲೇಜಿನ ಪ್ರಾಜೆಕ್ಟ್ ಆಗಿತ್ತಂತೆ. ಸಂದರ್ಶನ ಕೊಡುತ್ತಿರಲಿಲ್ಲವಂತೆ, ಫೋಟೋಗೂ ನಿಲ್ಲುತ್ತಿರಲಿಲ್ಲವಂತೆ. ಆದರೂ ಸುಮಾರು ಮೂವತ್ತು ವರ್ಷ ನಡೆದುಕೊಂಡು ಬಂದಿದ್ದಾರೆ. ಹೇಗೆ? ನಮ್ಮಲ್ಲಿ ಇಬ್ಬರಿಗೆ ಕೆಲಸ ಬಿಡುವ ಯೋಚನೆ, ಒಬ್ಬನಿಗೆ ತಂಡವನ್ನೇ ಬಿಡುವ ಯೋಚನೆ. ಅವರಿಂದ ನಾವು ಏನು ತೆಗೆದುಕೊಳ್ಳಬಹುದು? ಕೇಳುವುದಕ್ಕೆ ಯಾವ ಆಲ್ಬಂನಿಂದ ಶುರುಮಾಡಲಿ?

ಉತ್ತರ: ನೀವು ಕೇಳಿದ್ದೆಲ್ಲ ನಿಜ. ಆದರೆ ಈ ತಂಡದ ಬಗ್ಗೆ ಮಾತು ಬಂದಾಗಲೆಲ್ಲ ಜನ 1996 ಮತ್ತು 1997ರ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿಬಿಡುತ್ತಾರೆ. ಕಾಲೇಜು, ಸಾವಿರ ಪ್ರತಿ, ಮೌನ, ರಹಸ್ಯ. ಆ ಎರಡು ವರ್ಷ ತಂಡವನ್ನು ಹುಟ್ಟಿಸಿತು. ಅದನ್ನು ಉಳಿಸಿದ್ದು 2002 ಮತ್ತು 2003. ರೆಕಾರ್ಡು ಕಂಪನಿ ಇಲ್ಲ, ಮೂಲ ಸದಸ್ಯರಲ್ಲಿ ಇಬ್ಬರು ಹೊರಟುಹೋಗಿದ್ದಾರೆ, ಹಾಡು ಬರೆಯುವವನಿಗೂ ದಾರಿ ಮಸುಕು. ಅಂಥ ಹೊತ್ತಿನಲ್ಲಿ ಅವರು ಕೆಲಸ ಮಾಡುವ ರೀತಿಯನ್ನೇ ಬದಲಿಸಿಕೊಂಡರು. ನಿಮಗೆ ಬೇಕಾದ ಉತ್ತರ ಹೆಚ್ಚಾಗಿ ಅಲ್ಲಿದೆ. ಆದರೂ ಮೊದಲಿನಿಂದಲೇ ಹೇಳುತ್ತೇನೆ, ಏಕೆಂದರೆ ಆ ಹುಟ್ಟಿನ ಕಥೆಯಲ್ಲೂ ಎಲ್ಲರೂ ದಾಟಿಹೋಗುವ ಒಂದು ಸಂಗತಿ ಇದೆ.

ಹಾಡುಗಾರ ಸ್ಟುವರ್ಟ್ ಮರ್ಡಾಕ್ ಹುಟ್ಟಿದ್ದು 1968ರಲ್ಲಿ. ಗ್ಲಾಸ್ಗೋದಲ್ಲಿ ಓದುತ್ತಿದ್ದಾಗ, ಎಂಬತ್ತರ ದಶಕದ ಕೊನೆಯಲ್ಲಿ, ಅವನಿಗೆ ಎಂ.ಇ. ಎಂದು ಕರೆಯುವ ದೀರ್ಘ ಬಳಲಿಕೆಯ ಕಾಯಿಲೆ ಬಂತು. ಮೈಯಲ್ಲಿ ಬಲವೇ ಇರದ, ಎರಡು ಹೆಜ್ಜೆ ಜಾಸ್ತಿ ನಡೆದರೆ ಮೂರು ದಿನ ಮಲಗಬೇಕಾದ ಕಾಯಿಲೆ ಅದು. ಸುಮಾರು ಏಳು ವರ್ಷ ಕೆಲಸವಿಲ್ಲ, ಓದಿಲ್ಲ. ಓಡುವುದನ್ನು ಇಷ್ಟಪಡುತ್ತಿದ್ದ ಹುಡುಗ ಕಿಟಕಿಯ ಪಕ್ಕ ಕೂತವನಾದ. ಹಾಡು ಬರೆಯಲು ಶುರುಮಾಡಿದ್ದು ಆ ದಿನಗಳಲ್ಲೇ. ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಚರ್ಚಿನ ಗಾಯನವೃಂದಕ್ಕೆ ಸೇರಿದ. ಅದೇ ಚರ್ಚಿನ ಸಭಾಂಗಣವನ್ನು ನೋಡಿಕೊಳ್ಳುವ ಕೆಲಸವೂ ಸಿಕ್ಕಿತು, ಮೇಲಿನ ಮನೆಯಲ್ಲೇ ವಾಸ. ಅವನ ಹಾಡುಗಳಲ್ಲಿ ಬಸ್ಸಿನಲ್ಲಿ ಕೂತವರು, ಶಾಲೆಯ ಹುಡುಗಿಯರು, ಆಫೀಸಿನಲ್ಲಿ ಬೇಸತ್ತವರು, ದೇವರ ಬಗ್ಗೆ ಅರ್ಧ ನಂಬಿಕೆ ಇಟ್ಟವರು ಬರುತ್ತಾರೆ. ಬೇರೆಯವರ ಬದುಕನ್ನು ಇಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು, ತನ್ನ ಬದುಕು ನಿಂತುಹೋದವನಿಗೆ ಬಂದದ್ದು ಎಂದೇ ನನಗೆ ಅನ್ನಿಸುತ್ತದೆ.

ಗ್ಲಾಸ್ಗೋದ ಸ್ಟೋ ಕಾಲೇಜಿನಲ್ಲಿ ಕೆಲಸವಿಲ್ಲದ ಸಂಗೀತಗಾರರಿಗೆಂದೇ ‘ಬೀಟ್‌ಬಾಕ್ಸ್’ ಎಂಬ ತರಬೇತಿ ನಡೆಯುತ್ತಿತ್ತು. ಮರ್ಡಾಕ್ ಅಲ್ಲಿ ಇನ್ನೊಬ್ಬ ಸ್ಟುವರ್ಟನನ್ನು, ಅಂದರೆ ಬಾಸ್ ನುಡಿಸುವ ಸ್ಟುವರ್ಟ್ ಡೇವಿಡ್‌ನನ್ನು ಕಂಡ. ಇಬ್ಬರೂ ಸೇರಿ ಕೆಲವು ಹಾಡುಗಳ ಕರಡು ಮುದ್ರಣ ಮಾಡಿದರು. ಅದೇ ಕಾಲೇಜಿನಲ್ಲಿ ಸಂಗೀತ ವ್ಯವಹಾರ ಕಲಿಯುವ ಇನ್ನೊಂದು ತರಗತಿ ಇತ್ತು. ‘ದಿ ಅಸೋಸಿಯೇಟ್ಸ್’ ತಂಡದಲ್ಲಿದ್ದ ಅಲನ್ ರ‍್ಯಾಂಕಿನ್ ಅಲ್ಲಿ ಪಾಠ ಹೇಳುತ್ತಿದ್ದ. ವಿದ್ಯಾರ್ಥಿಗಳು ‘ಎಲೆಕ್ಟ್ರಿಕ್ ಹನಿ’ ಹೆಸರಿನ ತಮ್ಮದೇ ಲೇಬಲ್ಲಿನಲ್ಲಿ ಯಾವುದಾದರೂ ಸ್ಥಳೀಯ ತಂಡದ ಒಂದು ಸಿಂಗಲ್, ಅಂದರೆ ಒಂದೆರಡು ಹಾಡಿನ ರೆಕಾರ್ಡು, ಹೊರತರುವುದು ವಾಡಿಕೆ. ಈ ಕರಡು ಕೇಳಿದ ಮೇಲೆ, ಹಾಡುಗಳು ಇಷ್ಟೊಂದಿವೆಯಲ್ಲ, ಇಡೀ ಆಲ್ಬಂ ಮಾಡೋಣ ಎಂದು ತೀರ್ಮಾನವಾಯಿತು.

ಆಗ ಇನ್ನೂ ತಂಡ ಎಂಬುದೇ ಇರಲಿಲ್ಲ. ಮರ್ಡಾಕ್ 1996ರ ಮೊದಲ ತಿಂಗಳುಗಳಲ್ಲಿ ಕೆಫೆಗಳಲ್ಲಿ, ಗೆಳೆಯರ ಮನೆಗಳಲ್ಲಿ ಒಬ್ಬೊಬ್ಬರನ್ನೇ ಹುಡುಕಿ ಕೂಡಿಸಿದ. ಗಿಟಾರಿಗೆ ಸ್ಟೀವಿ ಜಾಕ್ಸನ್, ಕೀಬೋರ್ಡಿಗೆ ಕ್ರಿಸ್ ಗೆಡ್ಡಿಸ್, ಚೆಲ್ಲೋಗೆ ಇಸಬೆಲ್ ಕ್ಯಾಂಬೆಲ್, ಡ್ರಮ್ಸಿಗೆ ಅದೇ ಕಾಲೇಜಿನ ವಿದ್ಯಾರ್ಥಿ ರಿಚರ್ಡ್ ಕೋಲ್‌ಬರ್ನ್. ಕಹಳೆಯ ಮಿಕ್ ಕುಕ್, ಪಿಟೀಲಿನ ಸಾರಾ ಮಾರ್ಟಿನ್ ಸ್ವಲ್ಪ ಹಿಂದೆಮುಂದೆ ಪೂರ್ಣ ಸದಸ್ಯರಾದರು. ಒಬ್ಬ ಹುಡುಗ, ಅವನ ನಾಯಿ ಇರುವ ಫ್ರೆಂಚ್ ಮಕ್ಕಳ ಕಥೆಯಿಂದ ಹೆಸರು ತೆಗೆದುಕೊಂಡರು. ಮೂರು ದಿನದಲ್ಲಿ ರೆಕಾರ್ಡಿಂಗ್ ಮುಗಿಯಿತು. ಜೂನ್ 1996ರಲ್ಲಿ ‘ಟೈಗರ್‌ಮಿಲ್ಕ್’ ಎಂಬ ಹೆಸರಿನಲ್ಲಿ ಸಾವಿರ ಎಲ್‌ಪಿ ಅಚ್ಚಾದವು.

ಎಲ್ಲರೂ ದಾಟಿಹೋಗುತ್ತಾರೆ ಎಂದೆನಲ್ಲ, ಆ ಸಂಗತಿ ಇಲ್ಲಿದೆ. ಏಳು ವರ್ಷ ಕಾಯಿಲೆ ಬಿದ್ದವನೊಬ್ಬ ಹಾಡು ಬರೆಯುತ್ತ ಕೂರಲು ಆದದ್ದು ಸರ್ಕಾರದ ಭತ್ಯೆ ಇದ್ದುದರಿಂದ, ಹಣ ತೆಗೆದುಕೊಳ್ಳದೆ ಕಲಿಸುವ ಕಾಲೇಜು ಇದ್ದುದರಿಂದ, ಕಡಿಮೆ ಬಾಡಿಗೆಯ ನಗರವಿದ್ದುದರಿಂದ, ಚರ್ಚಿನ ಮನೆಯೊಂದು ಸಿಕ್ಕಿದ್ದರಿಂದ. ಮೊದಲ ಆಲ್ಬಂನ ಖರ್ಚು ಹೊತ್ತದ್ದು ಒಂದು ಸಾರ್ವಜನಿಕ ಕಾಲೇಜು. ಪ್ರತಿಭೆ ಅರಳಿತು ಎನ್ನುವ ಮಾತಿನಲ್ಲಿ ಇದೆಲ್ಲ ಕಾಣದೆ ಹೋಗುತ್ತದೆ. ಕೆಲಸ ಬಿಡಬೇಕೆಂದಿರುವ ನಿಮ್ಮ ಇಬ್ಬರು ಗೆಳೆಯರಿಗೆ ಇದನ್ನು ಓದಿ ಹೇಳಿ. ನಮ್ಮಲ್ಲಿ ಆ ಭತ್ಯೆ ಇಲ್ಲ. ನಿಮ್ಮ ತಂಡಕ್ಕೆ ಆ ಚರ್ಚಿನ ಮನೆ ಅಂದರೆ ಅವರ ತಿಂಗಳ ಸಂಬಳವೇ.

ಇನ್ನು ‘ಇಂಡಿ ಪಾಪ್’ ಎಂಬ ಮಾತು. ಮೂಲದಲ್ಲಿ ಅದು ವ್ಯವಹಾರದ ಮಾತು, ದೊಡ್ಡ ಕಂಪನಿಗಳ ಹೊರಗೆ ರೆಕಾರ್ಡು ಅಚ್ಚು ಹಾಕಿ ಹಂಚುವುದು. ಅದಕ್ಕೊಂದು ದನಿ ಅಂಟಿಕೊಂಡದ್ದು ಆಮೇಲೆ. ಗ್ಲಾಸ್ಗೋದಲ್ಲಿ 1980ರ ಸುಮಾರಿಗೆ ಅಲನ್ ಹಾರ್ನ್ ತನ್ನ ಬಾಡಿಗೆ ಮನೆಯಿಂದಲೇ ‘ಪೋಸ್ಟ್‌ಕಾರ್ಡ್ ರೆಕಾರ್ಡ್ಸ್’ ನಡೆಸಿದ; ಎಡ್ವಿನ್ ಕಾಲಿನ್ಸನ ‘ಆರೆಂಜ್ ಜ್ಯೂಸ್’ ಅಲ್ಲಿಂದ ಬಂತು. 1986ರಲ್ಲಿ ಎನ್‌ಎಂಇ ಎಂಬ ಸಂಗೀತ ಪತ್ರಿಕೆ ಇಂಥ ತಂಡಗಳ ಹಾಡುಗಳ ‘ಸಿ86’ ಎಂಬ ಕ್ಯಾಸೆಟ್ ಹೊರತಂದಿತು. ಬ್ರಿಸ್ಟಲ್‌ನ ‘ಸಾರಾ ರೆಕಾರ್ಡ್ಸ್’ 1987ರಿಂದ 1995ರವರೆಗೆ ನಡೆದು, ನೂರನೆಯ ಬಿಡುಗಡೆಯೊಂದಿಗೆ ತಾನಾಗಿಯೇ ಬಾಗಿಲು ಹಾಕಿತು. ಹೊಳೆಯುವ ಗಿಟಾರು, ತೆಳು ಕಂಠ, ದೊಡ್ಡ ದನಿಯಲ್ಲಿ ಹೇಳದ ದುಃಖ. ನಮ್ಮ ಭಾವಗೀತೆಯನ್ನು ಕೇಳಿ ಬೆಳೆದವರಿಗೆ ಇದು ಅಷ್ಟು ದೂರದ ಮಾತಲ್ಲ. ಕವಿತೆಯ ಸಾಲು ಕೇಳಿಸಬೇಕು ಎಂಬ ಹಟ ಎರಡರಲ್ಲೂ ಇದೆ. ಮರ್ಡಾಕ್‌ಗೆ ಈ ಪರಂಪರೆ ಚೆನ್ನಾಗಿ ಗೊತ್ತಿತ್ತು. ಅವನು ಬಂದ ಹೊತ್ತಿಗೆ ಅದು ಫ್ಯಾಷನ್ ಕಳೆದುಕೊಂಡಿತ್ತು. ‘ಟೈಗರ್‌ಮಿಲ್ಕ್’ ಸಾವಿರ ಪ್ರತಿ ಬಂದ ಅದೇ ಬೇಸಿಗೆಯಲ್ಲಿ, 1996ರ ಆಗಸ್ಟ್ 10 ಮತ್ತು 11ರಂದು, ಆಗಿನ ಅಬ್ಬರದ ರಾಕ್ ತಂಡ ‘ಓಯಸಿಸ್’ ಇಂಗ್ಲೆಂಡಿನ ನೆಬ್ವರ್ಥ್‌ನಲ್ಲಿ ಎರಡು ರಾತ್ರಿಗೆ ಎರಡೂವರೆ ಲಕ್ಷ ಜನರ ಮುಂದೆ ಹಾಡಿತು.

ಲಂಡನ್ನಿನ ‘ಜೀಪ್‌ಸ್ಟರ್’ ಎಂಬ ಸಣ್ಣ ಕಂಪನಿ ಇವರನ್ನು ತೆಗೆದುಕೊಂಡಿತು. ಅದೇ ನವೆಂಬರಿನಲ್ಲಿ ಎರಡನೆಯ ಆಲ್ಬಂ ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’ ಬಂತು. 1997ರಲ್ಲಿ ಮೂರು ಇಪಿಗಳು, ಅಂದರೆ ನಾಲ್ಕಾರು ಹಾಡಿನ ಸಣ್ಣ ರೆಕಾರ್ಡುಗಳು. ಆಲ್ಬಂನ ಹಾಡನ್ನೇ ಮತ್ತೆ ಸಿಂಗಲ್ ಎಂದು ಮಾರದೆ, ಹೆಚ್ಚಾಗಿ ಆಲ್ಬಂಗಳಲ್ಲಿಲ್ಲದ ಹಾಡುಗಳನ್ನೇ ಅವುಗಳಲ್ಲಿ ಕೊಟ್ಟರು. ಬ್ರಿಟನ್ನಿನ ವಾರದ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಕ್ಕೆ ಸಿಕ್ಕ ಸ್ಥಾನ 59, ಎರಡನೆಯದು 41, ಮೂರನೆಯದು 32. ಈ ಮೂರು ಅಂಕಿಗಳ ಏರಿಕೆ ನನಗೆ ಬಹಳ ಇಷ್ಟ. ಜಾಹೀರಾತಿಲ್ಲದೆ, ಬಾಯಿಂದ ಬಾಯಿಗೆ ಮಾತು ಹರಡುವುದು ಅಂಕಿಯಲ್ಲಿ ಕಾಣಿಸುವುದು ಅಪರೂಪ.

ಈಗ ಆ ಮೌನದ ವಿಷಯ. ಸಂದರ್ಶನ ಇಲ್ಲ. ತಂಡದ ಫೋಟೋ ಕೇಳಿದರೆ ಗೆಳೆಯರ ಫೋಟೋ ಹೋಗುತ್ತಿತ್ತು. ಕಾರ್ಯಕ್ರಮಗಳು ಬೆರಳೆಣಿಕೆ, ಅವೂ ಚರ್ಚು, ಗ್ರಂಥಾಲಯಗಳಂಥ ಜಾಗಗಳಲ್ಲಿ. ಇದರಲ್ಲಿ ಸ್ವಭಾವ ಸ್ವಲ್ಪ, ಮರ್ಡಾಕ್‌ನ ಆರೋಗ್ಯ ಸ್ವಲ್ಪ. ಪರಿಣಾಮವಾಗಿ ರಹಸ್ಯವೊಂದು ಹುಟ್ಟಿಕೊಂಡಿತು, ಪತ್ರಿಕೆಗಳು ಅದರ ಬಗ್ಗೆಯೇ ಬರೆದವು. ಇಂದಿನ ಹೊಸ ತಂಡಗಳು ಇದನ್ನು ನೋಡಿ, ನಾವೂ ಏನೂ ಹಾಕದೆ ಸುಮ್ಮನಿರೋಣ ಎನ್ನುತ್ತವೆ. ಆದರೆ ಜೂನ್ 1996ರಿಂದ ಅಕ್ಟೋಬರ್ 1997ರವರೆಗೆ, ಹದಿನಾರೇ ತಿಂಗಳಲ್ಲಿ, ಈ ತಂಡ ಎರಡು ಆಲ್ಬಂ, ಮೂರು ಇಪಿ ಕೊಟ್ಟಿತು. ಮಾತಾಡಬೇಕಾದ್ದನ್ನೆಲ್ಲ ಹಾಡುಗಳೇ ಆಡುತ್ತಿದ್ದವು. ವರ್ಷಕ್ಕೊಂದು ಹಾಡು ಬಿಟ್ಟು ಸುಮ್ಮನಿರುವ ತಂಡಕ್ಕೆ ಆ ಮೌನ ಕೆಲಸ ಮಾಡುವುದಿಲ್ಲ.

ಆ ಕಾಲದ ಅವರ ದೊಡ್ಡ ಕೊರತೆಯನ್ನೂ ಹೇಳಬೇಕು. ವೇದಿಕೆ ಮೇಲೆ ಅವರು ದುರ್ಬಲರಾಗಿದ್ದರು. ಏಳೆಂಟು ಜನ, ಹಾಡಿಗೊಮ್ಮೆ ವಾದ್ಯ ಬದಲಾವಣೆ, ಶ್ರುತಿ ಸರಿಮಾಡಿಕೊಳ್ಳುವಷ್ಟರಲ್ಲಿ ಸಭೆಯ ಉಸಿರು ತಣ್ಣಗಾಗುತ್ತಿತ್ತು. ಡ್ರಮ್ಸಿನ ಸದ್ದಿನಲ್ಲಿ ಮರ್ಡಾಕ್‌ನ ಕಂಠ ಕೇಳಿಸುತ್ತಿರಲಿಲ್ಲ. ರೆಕಾರ್ಡಿನಲ್ಲೂ ಅಷ್ಟೆ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಿದ ಆ ಧ್ವನಿಗೆ ಒಂದು ಮುಗ್ಧತೆ ಇದೆ, ಜೊತೆಗೆ ಒಂದು ಮಬ್ಬೂ ಇದೆ. ಎರಡನೆಯ ಆಲ್ಬಂನ ಮುದ್ರಣದ ಬಗ್ಗೆ ಮರ್ಡಾಕ್‌ಗೇ ತೃಪ್ತಿ ಇರಲಿಲ್ಲ.

1998ರ ‘ದಿ ಬಾಯ್ ವಿತ್ ದಿ ಅರಬ್ ಸ್ಟ್ರ್ಯಾಪ್’ ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೆ ಬಂತು. ಮರುವರ್ಷ ಬ್ರಿಟನ್ನಿನ ಸಂಗೀತೋದ್ಯಮ ಕೊಡುವ ಬ್ರಿಟ್ ಪ್ರಶಸ್ತಿಗಳಲ್ಲಿ ಹೊಸ ಕಲಾವಿದರ ವಿಭಾಗಕ್ಕೆ ರೇಡಿಯೋ ಕೇಳುಗರ ಮತ. ಆ ಕಾಲದ ಭಾರೀ ಜನಪ್ರಿಯ ‘ಸ್ಟೆಪ್ಸ್’ ತಂಡವನ್ನು ಹಿಂದೆ ಹಾಕಿ ಇವರು ಗೆದ್ದರು. ಇಂಟರ್ನೆಟ್ಟಿನ ಮೂಲಕ ಮತ ಹಾಕಬಹುದಿತ್ತು, ಇವರ ಅಭಿಮಾನಿಗಳು ಹೆಚ್ಚಿನವರು ವಿಶ್ವವಿದ್ಯಾಲಯದ ಕಂಪ್ಯೂಟರುಗಳ ಮುಂದೆ ಕೂತವರು. ಎದುರು ಪಕ್ಷದವರು ತಕರಾರು ತೆಗೆದರು, ಪತ್ರಿಕೆಗಳಲ್ಲಿ ಗದ್ದಲವಾಯಿತು. ನನ್ನ ದೃಷ್ಟಿಯಲ್ಲಿ ಪ್ರಶಸ್ತಿಗಿಂತ ಆ ಏಪ್ರಿಲಿನಲ್ಲಿ ನಡೆದದ್ದು ಮುಖ್ಯ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕ್ಯಾಂಬರ್ ಸ್ಯಾಂಡ್ಸ್‌ನ ಒಂದು ರಜಾ ಶಿಬಿರವನ್ನು ವಾರಾಂತ್ಯಕ್ಕೆ ಹಿಡಿದು, ತಮಗೆ ಇಷ್ಟವಾದ ತಂಡಗಳನ್ನು ಕರೆಸಿ, ‘ಬೋಲಿ ವೀಕೆಂಡರ್’ ಎಂಬ ಉತ್ಸವ ಮಾಡಿದರು. ಕೆಸರಿನ ಮೈದಾನದಲ್ಲಿ ಡೇರೆ ಹಾಕಿ ಮಲಗುವ ಬದಲು ಕೇಳುಗರು ಕೋಣೆಗಳಲ್ಲಿ ಉಳಿದು, ಬೆಳಗ್ಗೆ ಕಲಾವಿದರ ಜೊತೆಗೇ ತಿಂಡಿ ತಿಂದರು. ಮರುವರ್ಷ ಇದೇ ಮಾದರಿಯಿಂದ ‘ಆಲ್ ಟುಮಾರೋಸ್ ಪಾರ್ಟೀಸ್’ ಉತ್ಸವ ಹುಟ್ಟಿ ಎಷ್ಟೋ ವರ್ಷ ನಡೆಯಿತು. ತಮ್ಮ ಕೇಳುಗರು ಎಷ್ಟು ಮಂದಿ, ಅವರಿಗೇನು ಇಷ್ಟ ಎಂಬ ಅಂದಾಜು ಈ ತಂಡಕ್ಕೆ ಆಗಲೇ ಇತ್ತು.

ಆಮೇಲೆ ಕೆಟ್ಟ ಕಾಲ. ಮೂರನೆಯ ಆಲ್ಬಂನಿಂದಲೇ ಹಾಡು ಬರೆಯುವ, ಹಾಡುವ ಕೆಲಸ ಬೇರೆಯವರಿಗೂ ಹಂಚಿಹೋಗಿತ್ತು. 2000ದ ‘ಫೋಲ್ಡ್ ಯುವರ್ ಹ್ಯಾಂಡ್ಸ್ ಚೈಲ್ಡ್, ಯು ವಾಕ್ ಲೈಕ್ ಎ ಪೆಸೆಂಟ್’ನಲ್ಲಿ ಅದು ಇನ್ನೂ ಎದ್ದು ಕಂಡಿತು. ಪಟ್ಟಿಯಲ್ಲಿ 10ನೆಯ ಸ್ಥಾನ, ಅಲ್ಲಿಯವರೆಗೆ ಅವರ ಅತ್ಯುತ್ತಮ. ಕೇಳಿದರೆ ಮಾತ್ರ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೊತ್ತಿಸಿದಂತಿದೆ. ಅದೇ ವರ್ಷ ‘ಲೀಗಲ್ ಮ್ಯಾನ್’ ಸಿಂಗಲ್ 15ನೆಯ ಸ್ಥಾನಕ್ಕೆ ಬಂದು, ತಂಡ ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ನಲ್ಲಿ ಕಾಣಿಸಿಕೊಂಡಿತು. ಹೊರಗಿನವರಿಗೆ ಅದು ಏಳಿಗೆಯ ವರ್ಷ. ಒಳಗೆ ಸ್ಟುವರ್ಟ್ ಡೇವಿಡ್ ತನ್ನ ‘ಲೂಪರ್’ ತಂಡಕ್ಕಾಗಿ ಬಿಟ್ಟುಹೋದ. ಒಂದು ಸಿನಿಮಾಗೆ ಮಾಡಿದ ಸಂಗೀತದ ಆಲ್ಬಂ 2002ರಲ್ಲಿ ಬಂತು. ಅದರಲ್ಲಿ ಕೆಲವೇ ನಿಮಿಷ ಸಿನಿಮಾದಲ್ಲಿ ಬಳಕೆಯಾಯಿತು. ಅದೇ ವರ್ಷ ಅಮೆರಿಕ ಪ್ರವಾಸದ ನಡುವೆ ಇಸಬೆಲ್ ಕ್ಯಾಂಬೆಲ್ ತಂಡ ಬಿಟ್ಟಳು. ಅವಳೂ ಮರ್ಡಾಕ್‌ನೂ ಒಂದು ಕಾಲಕ್ಕೆ ಜೋಡಿಯಾಗಿದ್ದವರು. ಜೀಪ್‌ಸ್ಟರ್ ಜೊತೆಗಿನ ಒಪ್ಪಂದವೂ ಮುಗಿಯಿತು.

ನಿಮ್ಮ ತಂಡ ಬಿಡಬೇಕೆಂದಿರುವ ಗೆಳೆಯನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇಸಬೆಲ್ ಆಮೇಲೆ ಅಮೆರಿಕದ ಗಾಯಕ ಮಾರ್ಕ್ ಲ್ಯಾನೆಗನ್ ಜೊತೆ ಮಾಡಿದ ಆಲ್ಬಂ 2006ರಲ್ಲಿ, ವರ್ಷದ ಅತ್ಯುತ್ತಮ ಆಲ್ಬಂಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಬಿಟ್ಟವಳೂ ಬೆಳೆದಳು, ಉಳಿದವರೂ ಬೆಳೆದರು. ಹೋಗುವವನನ್ನು ಹಿಡಿದಿಟ್ಟು ಎರಡು ವರ್ಷ ಮುನಿಸಿನಲ್ಲಿ ತಾಲೀಮು ಮಾಡುವುದಕ್ಕಿಂತ, ಅವನು ಬರೆದ ಹಾಡುಗಳ ಲೆಕ್ಕ ಚೊಕ್ಕ ಮಾಡಿ ಕಳಿಸಿಕೊಡಿ.

2003ಕ್ಕೆ ಬರೋಣ. ಹೊಸದಾಗಿ ಸೇರಿಸಿಕೊಂಡದ್ದು ‘ರಫ್ ಟ್ರೇಡ್’ ಕಂಪನಿ. ಆಲ್ಬಂನ ನಿರ್ಮಾಪಕನಾಗಿ ಬಂದವನು ಟ್ರೆವರ್ ಹಾರ್ನ್. ‘ಬಗಲ್ಸ್’ ತಂಡದವನು, ‘ಫ್ರ್ಯಾಂಕಿ ಗೋಸ್ ಟು ಹಾಲಿವುಡ್’ನ ಆ ಭಾರೀ ಸದ್ದನ್ನು ಕಟ್ಟಿದವನು, ಒಂದೇ ವರ್ಷ ಹಿಂದೆ ‘ಟಾಟು’ ಎಂಬ ರಷ್ಯದ ಹುಡುಗಿಯರ ಹಾಡನ್ನು ಜಗತ್ತಿಗೆಲ್ಲ ಕೇಳಿಸಿದವನು. ಸುದ್ದಿ ಕೇಳಿ ಹಳೆಯ ಅಭಿಮಾನಿಗಳು ಹೌಹಾರಿದರು. ನನಗೂ ಅಂದು ಎದೆ ಝಲ್ಲೆಂದಿತ್ತು. ಬೆಂಗಳೂರಿನಲ್ಲಿ ಗೆಳೆಯನೊಬ್ಬ ಬರೆದುಕೊಟ್ಟ ಸಿಡಿಯಲ್ಲಿ ಮೊದಲ ಎರಡು ಆಲ್ಬಂ ಕೇಳುತ್ತ ಬೆಳೆದವನು ನಾನು. ಆ ಮಬ್ಬೇ ಈ ತಂಡದ ಜೀವ ಎಂದು ನಂಬಿದ್ದೆ.

ನನ್ನ ನಂಬಿಕೆ ತಪ್ಪಾಗಿತ್ತು. ‘ಡಿಯರ್ ಕಟಾಸ್ಟ್ರಫಿ ವೇಟ್ರೆಸ್’ ಕೇಳಿದಾಗ ಮೊದಲು ಗೊತ್ತಾಗುವುದು ಕಂಠ. ಮರ್ಡಾಕ್ ಮುಂದೆ ಬಂದು ನಿಂತಿದ್ದಾನೆ, ಒಂದೊಂದು ಅಕ್ಷರವೂ ಕೇಳುತ್ತದೆ. ಡ್ರಮ್ಸು ಬಿಗಿಯಾಗಿದೆ. ಪಿಟೀಲು, ಕಹಳೆಗಳು ತಮ್ಮ ಸರದಿ ಬಂದಾಗ ಮಾತಾಡುತ್ತವೆ, ಉಳಿದಂತೆ ಸುಮ್ಮನಿರುತ್ತವೆ. ಹಾಡುಗಳ ಸ್ವಭಾವ ಬದಲಾಗಿಲ್ಲ. ಅದೇ ಆಫೀಸು, ಅದೇ ಸಂಕೋಚ, ಅದೇ ಚರ್ಚು. ಸಂಕೋಚದ ಹಾಡನ್ನು ಸಂಕೋಚವಿಲ್ಲದೆ ನುಡಿಸಬಹುದು ಎಂಬುದನ್ನು ಅವರು ಕಲಿತಿದ್ದರು.

ಆ ಆಲ್ಬಂ ಪಟ್ಟಿಯಲ್ಲಿ 21ನೆಯ ಸ್ಥಾನದಲ್ಲಿ ನಿಂತಿತು. ಹಿಂದಿನ ದುರ್ಬಲ ಆಲ್ಬಂ 10ಕ್ಕೆ ಬಂದಿತ್ತು, ತಂಡವನ್ನು ಉಳಿಸಿದ ಆಲ್ಬಂ 21. ಆ ವಾರದ ಅಂಕಿ ನೋಡಿ ತೀರ್ಮಾನ ಮಾಡಿದ್ದರೆ ಅವರು ಹಿಂದಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. 2004ರ ಮರ್ಕ್ಯುರಿ ಅಂತಿಮ ಪಟ್ಟಿಯಲ್ಲಿ ಈ ಆಲ್ಬಂನ ಹೆಸರು ಬಂತು. ಗೆದ್ದದ್ದು ಅದೇ ಗ್ಲಾಸ್ಗೋದ ‘ಫ್ರಾಂಜ್ ಫರ್ಡಿನಾಂಡ್’. ಮುಂದಿನ ‘ದಿ ಲೈಫ್ ಪರ್‌ಸ್ಯೂಟ್’ ಅನ್ನು ಲಾಸ್ ಏಂಜಲೀಸ್‌ನಲ್ಲಿ ನಿರ್ಮಾಪಕ ಟೋನಿ ಹಾಫರ್ ಜೊತೆ ಮಾಡಿದರು. 2006ರ ಫೆಬ್ರವರಿಯಲ್ಲಿ ಅದು 8ನೆಯ ಸ್ಥಾನಕ್ಕೆ ಬಂತು. ಆ ಜುಲೈನಲ್ಲಿ ಹಾಲಿವುಡ್ ಬೌಲ್ ಬಯಲು ರಂಗಮಂದಿರದಲ್ಲಿ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಕಾರ್ಯಕ್ರಮ ಕೊಟ್ಟರು. ಹತ್ತು ವರ್ಷದ ಹಿಂದೆ ಚರ್ಚಿನ ಸಭಾಂಗಣದಲ್ಲೇ ಕೇಳಿಸದ ಕಂಠ ಅದು.

ಈ ಬದಲಾವಣೆ ಹೊಟ್ಟೆಪಾಡಿನ ಪ್ರಶ್ನೆಯೂ ಆಗಿತ್ತು. ಸಿಡಿ ಮಾರಾಟ ಕುಸಿಯುತ್ತಿದ್ದ ಕಾಲ. ರೆಕಾರ್ಡಿನ ದುಡ್ಡು ಬತ್ತಿದಂತೆ ತಂಡಗಳನ್ನು ಸಾಕುವ ಹೊರೆ ವೇದಿಕೆಯ ಮೇಲೆ ಬಿತ್ತು. ಏಳು ಜನರನ್ನು, ಕಹಳೆ ಪಿಟೀಲುಗಳನ್ನು ಕಟ್ಟಿಕೊಂಡು ಊರೂರು ತಿರುಗುವುದು ದುಬಾರಿ. ಜನ ಮತ್ತೆ ಮತ್ತೆ ಟಿಕೆಟ್ ಕೊಂಡು ಬರುವಂತೆ ನುಡಿಸದಿದ್ದರೆ ನಡೆಯುವುದಿಲ್ಲ. 1997ರ ‘ಬೆಲ್ ಅಂಡ್ ಸೆಬಾಸ್ಟಿಯನ್’ 2007ರಲ್ಲಿ ಬದುಕುತ್ತಿರಲಿಲ್ಲ ಎಂದು ನಾನು ಖಚಿತವಾಗಿ ನಂಬುತ್ತೇನೆ. ಅವರ ಹಾಗೆಯೇ ಮೃದುವಾಗಿ ಹಾಡುತ್ತಿದ್ದ ಎಷ್ಟೋ ತಂಡಗಳು ಒಂದೆರಡು ಒಳ್ಳೆಯ ರೆಕಾರ್ಡು ಬಿಟ್ಟು ಕರಗಿಹೋದವು.

ಹಳೆಯ ಹಾಡುಗಳು ಮಾತ್ರ ತಮ್ಮ ಪಾಡಿಗೆ ದುಡಿಯುತ್ತಲೇ ಇದ್ದವು. 2007ರ ‘ಜೂನೋ’ ಎಂಬ ಅಮೆರಿಕನ್ ಸಿನಿಮಾದಲ್ಲಿ ಇವರ ಎರಡು ಹಾಡುಗಳಿವೆ. ಒಂದು ಟ್ರೆವರ್ ಹಾರ್ನ್ ಮಾಡಿಸಿದ್ದು, ಇನ್ನೊಂದು ‘ಟೈಗರ್‌ಮಿಲ್ಕ್’ನದು. ಆ ಸಿನಿಮಾದ ಹಾಡುಗಳ ಆಲ್ಬಂ ಜನವರಿ 2008ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಕಾಲೇಜಿನ ಮಕ್ಕಳು ಮೂರು ದಿನದಲ್ಲಿ ಮಾಡಿಸಿದ ರೆಕಾರ್ಡಿನ ಒಂದು ಹಾಡು ಹನ್ನೆರಡು ವರ್ಷದ ನಂತರ ಅಲ್ಲಿಗೆ ತಲುಪಿದ್ದು ಹೀಗೆ.

ಇಲ್ಲಿ ಹಣದ ಒಂದು ಮಾತು. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಬರೆದವರ, ರಾಗ ಹಾಕಿದವರ ಹಕ್ಕು ಒಂದು. ರೆಕಾರ್ಡಿಂಗಿನ ಹಕ್ಕು ಇನ್ನೊಂದು. ಸಿನಿಮಾದವರು, ಜಾಹೀರಾತಿನವರು ಹಾಡು ಕೇಳಿ ಬಂದರೆ ಎರಡಕ್ಕೂ ದುಡ್ಡು ಕೊಡಬೇಕು. ಒಬ್ಬನೇ ಬರೆಯುವ ತಂಡದಲ್ಲಿ ಹತ್ತು ವರ್ಷವಾದ ಮೇಲೆ ಅವನ ಮನೆಯಲ್ಲಿ ಬೆಳಕು, ಉಳಿದವರಲ್ಲಿ ಅಸಮಾಧಾನ ಇರುವುದು ಸಾಮಾನ್ಯ. ಬೆಂಗಳೂರಿನಲ್ಲೇ ಮೂರು ತಂಡಗಳು ಒಂದೇ ಒಂದು ಹಾಡಿನ ಲೆಕ್ಕಕ್ಕೆ ಒಡೆದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೂರೂ ಸಲ ಮೊತ್ತ ದೊಡ್ಡದಿರಲಿಲ್ಲ, ಕಾಗದದ ಮೇಲೆ ಏನೂ ಬರೆದಿರಲಿಲ್ಲ ಅಷ್ಟೆ. ನೀವು ಐವರೂ ಈ ತಿಂಗಳೇ ಕೂತು ಯಾರು ಬರೆದರು, ಯಾರು ರಾಗ ಹಾಕಿದರು, ಯಾರಿಗೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಕೂಡಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಲಿ. 2012ರ ಕೃತಿಸ್ವಾಮ್ಯ ತಿದ್ದುಪಡಿ ಬಂದ ಮೇಲೆ ಸಾಹಿತ್ಯ, ಸಂಗೀತ ರಚಿಸಿದವರ ರಾಯಲ್ಟಿಯ ಪಾಲನ್ನು ಕಂಪನಿಯೊಂದು ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ. ನಮ್ಮ ಹುಡುಗರಲ್ಲಿ ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

2006ರ ನಂತರದ ಕಥೆ ನಿಧಾನದ್ದು. ಮುಂದಿನ ಆಲ್ಬಂ 2010ಕ್ಕೆ, ಅದರ ಮುಂದಿನದು 2015ಕ್ಕೆ. ನಡುವೆ ಮರ್ಡಾಕ್ ‘ಗಾಡ್ ಹೆಲ್ಪ್ ದಿ ಗರ್ಲ್’ ಎಂಬ ಹಾಡುಗಳ ಸಿನಿಮಾ ಬರೆದು ನಿರ್ದೇಶಿಸಿದ, ಅದಕ್ಕೆ ಕೇಳುಗರಿಂದಲೇ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಒಂದಿಷ್ಟು ಹಣ ಕೂಡಿಸಿದ. ಅದು 2014ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವಕ್ಕೆ ಹೋಯಿತು. 2017ರ ಕೊನೆಯಿಂದ 2018ರ ಮೊದಲಿನವರೆಗೆ ಮತ್ತೆ ಮೂರು ಇಪಿಗಳು, ಇಪ್ಪತ್ತು ವರ್ಷದ ಹಿಂದಿನ ತಮ್ಮ ಅಭ್ಯಾಸಕ್ಕೇ ಮರಳಿದಂತೆ. 2019ರ ಆಗಸ್ಟಿನಲ್ಲಿ ಆ ಹಳೆಯ ‘ಬೋಲಿ’ ಉತ್ಸವವನ್ನು ಹಡಗಿನ ಮೇಲೆ ಮಾಡಿದರು. ಬಾರ್ಸಿಲೋನಾದಿಂದ ಸಾರ್ಡೀನಿಯಾಕ್ಕೆ ಹೋಗಿ ಬರುವ ನಾಲ್ಕು ದಿನ, ಕೇಳುಗರೂ ತಂಡಗಳೂ ಒಂದೇ ಹಡಗಿನಲ್ಲಿ. ಕೋವಿಡ್ ಬಂದು ಅಮೆರಿಕಕ್ಕೆ ಹೋಗಿ ರೆಕಾರ್ಡು ಮಾಡುವ ಯೋಜನೆ ಕೈಬಿಟ್ಟಾಗ ಗ್ಲಾಸ್ಗೋದ ತಮ್ಮ ತಾಲೀಮು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡರು. ಅಲ್ಲಿ ಮಾಡಿದ ‘ಎ ಬಿಟ್ ಆಫ್ ಪ್ರೀವಿಯಸ್’ 2022ರಲ್ಲಿ ಮತ್ತೆ 8ನೆಯ ಸ್ಥಾನಕ್ಕೆ ಬಂತು. ಉಳಿದ ಹಾಡುಗಳು 2023ರ ಜನವರಿಯಲ್ಲಿ ‘ಲೇಟ್ ಡೆವಲಪರ್ಸ್’ ಆಗಿ ಬಂದವು. 2024ರಲ್ಲಿ ಮರ್ಡಾಕ್ ತನ್ನ ಕಾಯಿಲೆಯ ವರ್ಷಗಳನ್ನೇ ಆಧರಿಸಿ ಒಂದು ಕಾದಂಬರಿ ಪ್ರಕಟಿಸಿದ. ಆ ಕಾಯಿಲೆ ಅವನನ್ನು ಪೂರ್ತಿ ಬಿಟ್ಟು ಹೋಗಿಲ್ಲ. ದೇಹ ಎಷ್ಟು ಕೊಡುತ್ತದೋ ಅಷ್ಟು ಎಂಬ ಈ ನಿಧಾನ ಅಲ್ಲಿಂದಲೂ ಬಂದಿರಬೇಕು.

‘ದೊಡ್ಡ ಹಿಟ್ ಇಲ್ಲದೆ’ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಅವರ ಅತ್ಯಂತ ಜನಪ್ರಿಯ ಸಿಂಗಲ್ ಕೂಡ, 2006ರ ‘ಫನಿ ಲಿಟಲ್ ಫ್ರಾಗ್’, ಹದಿಮೂರಕ್ಕೆ ನಿಂತಿತು. ಆಲ್ಬಂಗಳು ಮಾತ್ರ 1998ರಿಂದ 2022ರವರೆಗೆ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿವೆ. ಇದರ ಅರ್ಥ, ಕೇಳುಗರು ಹಾಡಿಗಾಗಿ ಬಂದು ಹೋದವರಲ್ಲ, ತಂಡಕ್ಕಾಗಿ ಉಳಿದವರು. ಒಂದು ಹಾಡು ಊರೆಲ್ಲ ಹಬ್ಬಿದ ತಂಡ ಮುಂದಿನ ಹತ್ತು ವರ್ಷ ಅದೇ ಹಾಡಿಗೆ ದಾಸನಾಗುವುದನ್ನು ನೀವೂ ಕಂಡಿರುತ್ತೀರಿ. ನಿಮ್ಮ ಎರಡು ಹಾಡಿಗೆ ಎಷ್ಟು ಲಕ್ಷ ವ್ಯೂ ಬಂತು ಎಂದು ಎಣಿಸುವ ಬದಲು, ಎರಡನೆಯ ಕಾರ್ಯಕ್ರಮಕ್ಕೂ ಬಂದ ಮುಖಗಳೆಷ್ಟು ಎಂದು ಎಣಿಸಿ.

ಕೇಳಲು ಎಲ್ಲಿಂದ ಶುರುಮಾಡಲಿ ಎಂದಿರಿ. ‘ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್’ನಿಂದ, ರಾತ್ರಿ, ಹೆಡ್‌ಫೋನ್ ಹಾಕಿಕೊಂಡು, ಸಾಹಿತ್ಯವನ್ನು ಮುಂದೆ ಇಟ್ಟುಕೊಂಡು. ಆಮೇಲೆ ‘ದಿ ಲೈಫ್ ಪರ್‌ಸ್ಯೂಟ್’. ‘ಟೈಗರ್‌ಮಿಲ್ಕ್’ ಮೂರನೆಯದಾಗಿರಲಿ. 1999ರಲ್ಲಿ ಅದು ಮರುಮುದ್ರಣವಾಗುವವರೆಗೆ ಆ ಸಾವಿರ ಪ್ರತಿಗಳಿಗಾಗಿ ಜನ ನೂರಾರು ಪೌಂಡು ಕೊಡುತ್ತಿದ್ದರು, ಈಗ ನಿಮ್ಮ ಫೋನಿನಲ್ಲೇ ಇದೆ.

ಇನ್ನೊಂದನ್ನು ತಂಡದವರೆಲ್ಲ ಒಟ್ಟಿಗೆ ಕೂತು ಕೇಳಿ. 2005ರಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಅವರು ಆ ‘ಸಿನಿಸ್ಟರ್’ ಆಲ್ಬಂ ಅನ್ನು ಮೊದಲಿನಿಂದ ಕೊನೆವರೆಗೆ ವೇದಿಕೆಯಲ್ಲಿ ನುಡಿಸಿದರು, ಆ ಮುದ್ರಣ ಬಿಡುಗಡೆಯಾಗಿದೆ. ಮೊದಲ ಹಾಡನ್ನು 1996ರ ಆಲ್ಬಂನಲ್ಲಿ ಒಮ್ಮೆ ಹಾಕಿ, ಕೂಡಲೇ ಬಾರ್ಬಿಕನ್‌ನಲ್ಲಿ ನುಡಿಸಿದ್ದನ್ನು ಹಾಕಿ. ನಡುವೆ ಒಂಬತ್ತು ವರ್ಷ ಇದೆ. ನಿಮ್ಮ ಡ್ರಮ್ಸಿನ ಹುಡುಗ ಕೋಲ್‌ಬರ್ನ್‌ನ ಕೈಯನ್ನು ಗಮನಿಸಲಿ, ಹಾಡುವವರು ಆ ಕಂಠ ಎಲ್ಲಿ ನಿಂತಿದೆ ಎಂದು ಗಮನಿಸಲಿ, ಪಿಟೀಲಿನವರು ಸಾರಾ ಮಾರ್ಟಿನ್ ಎಲ್ಲಿ ಸುಮ್ಮನಾಗುತ್ತಾಳೆ ಎಂದು ಕೇಳಿಸಿಕೊಳ್ಳಲಿ. ಆಮೇಲೆ ನಿಮ್ಮ ಹಾಡುಗಳಲ್ಲಿ ಒಂದನ್ನು ತೆಗೆದುಕೊಂಡು ತಾಲೀಮಿಗೆ ಕೂಡಿ.